ಅಪ್ಪನ ಫೋಟೋ ಮೂರು ಸಲ ರಿಜೆಕ್ಟ್. ಅಮೆರಿಕ ವೀಸಾ ಫೋಟೋ ಹೇಗೆ ತೆಗೆಸೋದು?

ಬೆಣ್ಣೆದೋಸೆ_ಡಿವಿಜಿ:
ಎಲ್ಲರಿಗೂ ನಮಸ್ಕಾರ. ತಂಗಿ ನ್ಯೂಜೆರ್ಸಿಯಲ್ಲಿದ್ದಾಳೆ, ಮಾರ್ಚಿನಲ್ಲಿ ಹೆರಿಗೆ. ಬಾಣಂತನಕ್ಕೆ ಅಪ್ಪ ಅಮ್ಮ ಇಬ್ಬರೂ ಹೊರಟಿದ್ದಾರೆ. ಡಿಎಸ್-160, ಅಂದರೆ ಅಮೆರಿಕ ವೀಸಾದ ಆನ್‌ಲೈನ್ ಅರ್ಜಿ, ತುಂಬುವ ಕೆಲಸ ನನ್ನ ತಲೆಗೆ ಬಂದಿದೆ. ಇಷ್ಟುದ್ದದ ಫಾರ್ಮು ತುಂಬಿ ಕೊನೆಗೆ ಫೋಟೋ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲ ಸಲ ಸ್ಟುಡಿಯೋಗೆ ಹೋಗಿ "ವೀಸಾಗೆ ಪಾಸ್‌ಪೋರ್ಟ್ ಸೈಜ್" ಅಂದೆ. ಎಂಟು ಫೋಟೋ ಕೊಟ್ಟರು, ಸಾಫ್ಟ್ ಕಾಪಿ ವಾಟ್ಸಾಪಿಗೆ ಹಾಕಿದರು. ಅಪ್‌ಲೋಡ್ ಮಾಡಿದರೆ ಚೌಕ ಇಲ್ಲ ಅಂತ ವಾಪಸ್. ಎರಡನೇ ಸಲ ನಾನೇ ಮೊಬೈಲಿನಲ್ಲಿ ಕತ್ತರಿಸಿದೆ, ಅಪ್ಪನ ನೆತ್ತಿ ಹೋಯಿತು. ಮೂರನೇ ಸಲ ಬೇರೆ ಸ್ಟುಡಿಯೋ. ಅಪ್ಪನ ತಲೆಗೂದಲು ಬಿಳಿ, ಶರ್ಟು ಬಿಳಿ, ಹಿಂದಿನ ಪರದೆ ಬಿಳಿ. ಫೋಟೋ ನೋಡಿದರೆ ಮುಖ ಒಂದೇ ಗಾಳಿಯಲ್ಲಿ ತೇಲುತ್ತಿದೆ. ಅದೂ ಫೇಲ್.

ಅಮ್ಮನದು ಪಾಸ್ ಆಗಿದೆ. ಆದರೆ ಸ್ಟುಡಿಯೋದವರು ಎರಡು ಬಣ್ಣ ಬೆಳ್ಳಗೆ ಮಾಡಿ, ತುಟಿ ಮೇಲಿನ ನರುಳ್ಳೆ ಅಳಿಸಿದ್ದಾರೆ. ಅಮ್ಮ ನೋಡಿ "ಇದ್ಯಾರೋ?" ಅಂದಳು. ಪಾಸ್ ಆಗಿದೆಯಲ್ಲ, ಅದನ್ನೇ ಇಡಬಹುದಾ? ಕುಂಕುಮ, ಮೂಗುತಿ, ಅಪ್ಪನ ವಿಭೂತಿ, ಕನ್ನಡಕ ಇವೆಲ್ಲ ಇರಬಹುದಾ? ಗೊತ್ತಿರುವವರು ಹೇಳಿ.

ಪೀಣ್ಯ_ಪುಟ್ಟ:
ಆಧಾರ್ ಫೋಟೋ ಹಾಕಿಬಿಡಿ ಗುರು. ವೀಸಾ ಕೊಟ್ಟರೂ ಕೊಡಬಹುದು, ಪೊಲೀಸರನ್ನು ಕರೆದರೂ ಕರೆಯಬಹುದು.

ಸನ್ನಿವೇಲ್_ಅಕ್ಕ:
ಮೊದಲು "ಪಾಸ್‌ಪೋರ್ಟ್ ಸೈಜ್" ಅನ್ನುವ ಮಾತು ಬಿಡಿ. ನಮ್ಮ ಕಡೆ ಸ್ಟುಡಿಯೋದಲ್ಲಿ ಹಾಗಂದರೆ 35×45 ಮಿಮೀ. ಅಮೆರಿಕದವರಿಗೆ 2×2 ಇಂಚು ಬೇಕು, ಅಂದರೆ 51×51 ಮಿಮೀ, ಪೂರ್ತಿ ಚೌಕ. "ಯುಎಸ್ ವೀಸಾ, ಎರಡು ಬೈ ಎರಡು" ಅಂತಲೇ ಕೇಳಿ.

ಆನ್‌ಲೈನ್‌ಗೆ ಹಾಕುವ ಫೈಲು ಕನಿಷ್ಠ 600×600 ಪಿಕ್ಸೆಲ್, ಗರಿಷ್ಠ 1200×1200. ಜೆಪೆಗ್ ಇರಬೇಕು, 240 ಕೆಬಿ ಮೀರಬಾರದು. ಗಲ್ಲದ ತುದಿಯಿಂದ ನೆತ್ತಿಯವರೆಗಿನ ಅಳತೆ ಫೋಟೋ ಎತ್ತರದ 50ರಿಂದ 69 ಪರ್ಸೆಂಟ್. ಕಣ್ಣು ಕೆಳಗಿನ ಅಂಚಿನಿಂದ 56ರಿಂದ 69 ಪರ್ಸೆಂಟ್ ಎತ್ತರದಲ್ಲಿ ಬರಬೇಕು. 600 ಪಿಕ್ಸೆಲ್ ಫೋಟೋ ಆದರೆ ತಲೆ 300ರಿಂದ 414 ಪಿಕ್ಸೆಲ್. ನೆತ್ತಿ ಅಂದರೆ ಕೂದಲೂ ಸೇರಿ, ಅದನ್ನು ಕತ್ತರಿಸಿದರೆ ಆಗಲ್ಲ.

ಹಿನ್ನೆಲೆ ಬಿಳಿ ಅಥವಾ ಬಿಳಿಗೆ ಹತ್ತಿರದ ಬಣ್ಣ. ಫೋಟೋ 6 ತಿಂಗಳೊಳಗಿನದು. ಕನ್ನಡಕ ಬೇಡ. ನಗು ಬೇಡ, ಹಾಗಂತ ಸಿಟ್ಟೂ ಬೇಡ.

ಹಳೇ_ಹುಬ್ಬಳ್ಳಿ:
ಕನ್ನಡಕ ಬೇಡ ಅಂತ ಯಾರು ಹೇಳಿದ್ದು ಅಕ್ಕಾರ? ನಮ್ಮ ಮಾವನವರು ಕನ್ನಡಕ ಹಾಕಿಕೊಂಡೇ ಫೋಟೋ ಕೊಟ್ಟಿದ್ದರು. ವೀಸಾ ಹತ್ತು ವರ್ಷಕ್ಕೆ ಬಂತು.

ಸನ್ನಿವೇಲ್_ಅಕ್ಕ:
ಯಾವ ವರ್ಷ ಅಣ್ಣ?

ಹಳೇ_ಹುಬ್ಬಳ್ಳಿ:
2014.

ಸನ್ನಿವೇಲ್_ಅಕ್ಕ:
ಅದಕ್ಕೇ. 2016ರ ನವೆಂಬರ್ 1ರಿಂದ ಕನ್ನಡಕ ಪೂರ್ತಿ ಬಂದ್. ಕಣ್ಣಿನ ಆಪರೇಷನ್ ಆಗಿ ತೆಗೆಯಲೇ ಬಾರದು ಅಂತಿದ್ದರೆ ಮಾತ್ರ ಬೇರೆ, ಅದಕ್ಕೂ ಡಾಕ್ಟರ್ ಸಹಿ ಮಾಡಿದ ಪತ್ರ ಬೇಕು.

ಹಳೇ_ಹುಬ್ಬಳ್ಳಿ:
ಸರಿ ಬಿಡ್ರಿ, ಆ ವೀಸಾದ ಮೇಲೆ ಮಾವನವರು ಹೋಗಿ ಬಂದು ಮಾಡಿ ಅದು ಮುಗಿದೂ ಹೋಯಿತು.

ಜಯನಗರ_ನಾಲ್ಕನೇ_ಬ್ಲಾಕ್:
ಎಲ್ಲರೂ ಮುಖ್ಯವಾದದ್ದನ್ನೇ ಮರೆತಿದ್ದೀರಿ. ಅಮೆರಿಕಕ್ಕೆ ಬಲಗಿವಿ ಕಾಣಲೇಬೇಕು. ಮುಖ ಸ್ವಲ್ಪ ಓರೆಯಾಗಿ ತಿರುಗಿಸಿ ತೆಗೆಸಬೇಕು. ನಾನು ಸ್ವತಃ ಕೊಟ್ಟಿದ್ದೇನೆ.

ಕೋಡಿಂಗ್_ಕೊಡಗ:
ಸಾರ್, ತಪ್ಪು ತಿಳಿಯಬೇಡಿ. ಅದು ಗ್ರೀನ್ ಕಾರ್ಡಿನ ಹಳೇ ಫೋಟೋ. ಮುಕ್ಕಾಲು ಮುಖ, ಬಲಗಿವಿ ಕಾಣುವ ಹಾಗೆ. 2004ರ ಆಗಸ್ಟಿನಲ್ಲಿ ಅದನ್ನು ಬಿಟ್ಟು ನೇರ ಮುಖದ ಫೋಟೋಗೆ ಬಂದರು. ವೀಸಾಗೆ ಈಗ ಓರೆ ಮುಖ ಕೊಟ್ಟರೆ ನೇರ ವಾಪಸ್.

ಜಯನಗರ_ನಾಲ್ಕನೇ_ಬ್ಲಾಕ್:
ನಾನು ಕೊಟ್ಟಿದ್ದು 1998ರಲ್ಲಿ. ಕಿವಿ ಕಾಣಲಿ ಅಂತ ನಮ್ಮ ಮನೆಯವರ ಕೂದಲನ್ನು ಸ್ಟುಡಿಯೋದವನು ಪಿನ್ ಹಾಕಿ ಹಿಂದಕ್ಕೆ ಕಟ್ಟಿದ್ದ. ಆ ಜಗಳ ಇನ್ನೂ ಮುಗಿದಿಲ್ಲ. ಆಗಲಿ, ತಿದ್ದಿಕೊಂಡೆ.

ಪೀಣ್ಯ_ಪುಟ್ಟ:
ಇಷ್ಟೆಲ್ಲ ಯಾಕೆ? ವೀಸಾ ಸೆಂಟರಿನಲ್ಲಿ ಬೆರಳಚ್ಚು ತೆಗೆದುಕೊಳ್ಳುವಾಗ ಅವರೇ ಫೋಟೋ ತೆಗೀತಾರೆ. ಸುಮ್ನೆ ಏನೋ ಒಂದು ಹಾಕಿ ಮುಗಿಸಿ.

ಕೋಡಿಂಗ್_ಕೊಡಗ:
ಅರ್ಧ ಸರಿ. ಅಲ್ಲಿ ತೆಗೀತಾರೆ, ನಿಜ. ಆದರೆ ಫಾರ್ಮಿನಲ್ಲಿ ಫೋಟೋ ಕೇಳುತ್ತಾರಲ್ಲ, ಅದನ್ನು ಏನೋ ಒಂದು ಅಂತ ಹಾಕೋಕಾಗಲ್ಲ. ಅಪ್‌ಲೋಡ್ ಫೇಲ್ ಆದರೆ ಕನ್ಫರ್ಮೇಶನ್ ಹಾಳೆಯಲ್ಲಿ ಫೋಟೋ ಜಾಗದಲ್ಲಿ ದೊಡ್ಡ ಇಂಟು ಮಾರ್ಕು ಬರುತ್ತದೆ. ಆಗ ಪ್ರಿಂಟ್ ಮಾಡಿದ 2×2 ಫೋಟೋ ಕೈಯಲ್ಲಿ ಒಯ್ಯಬೇಕು. ಇಂಟರ್‌ವ್ಯೂ ದಿನ ವಯಸ್ಸಾದವರಿಗೆ ಅದೊಂದು ಟೆನ್ಶನ್ ಯಾಕೆ?

ಡಿವಿಜಿ ಅಣ್ಣ, ಡಿಎಸ್-160 ಶುರುವಿನ ಪುಟದಲ್ಲೇ ಫೋಟೋ ಟೆಸ್ಟ್ ಮಾಡುವ ಬಟನ್ ಇದೆ. ಫಾರ್ಮ್ ತುಂಬುವ ಮೊದಲೇ ಅಲ್ಲಿ ಹಾಕಿ ನೋಡಿ. ಫಾರ್ಮ್ ಒಳಗೆ ಕೂತು ಫೋಟೋ ತಿದ್ದುತ್ತಾ ಇದ್ದರೆ 20 ನಿಮಿಷಕ್ಕೆ ಸೆಶನ್ ಬಿದ್ದುಹೋಗುತ್ತದೆ. ಅಪ್ಲಿಕೇಶನ್ ನಂಬರನ್ನು ಮೊದಲು ಒಂದು ಕಡೆ ಬರೆದಿಟ್ಟುಕೊಳ್ಳಿ.

ಇನ್ನೊಂದು. ಆ ಟೆಸ್ಟಿನಲ್ಲಿ ಪಾಸ್ ಆದರೆ ಎಲ್ಲ ಮುಗೀತು ಅಂತಲ್ಲ. ಮೆಷಿನ್ ನೋಡುವುದು ಅಳತೆ, ಬೆಳಕು ಇಂಥದ್ದು. ಕೊನೆ ತೀರ್ಮಾನ ಅಧಿಕಾರಿಯದು. ಅಮ್ಮನ ನರುಳ್ಳೆ ಎಲ್ಲಿ ಹೋಯಿತು ಅಂತ ಮೆಷಿನ್ ಕೇಳಲ್ಲ, ಕಿಟಕಿ ಆಚೆ ಕೂತವರು ಕೇಳಬಹುದು.

ಸ್ಟುಡಿಯೋ_ಶಿವಮೊಗ್ಗ:
ನನ್ನದೇ ಸ್ಟುಡಿಯೋ ಇದೆ, 22 ವರ್ಷ ಆಯಿತು. ಎರಡು ಮಾತು ನಮ್ಮ ಪರವಾಗಿಯೂ ಹೇಳುತ್ತೇನೆ.

ಬೆಳ್ಳಗೆ ಮಾಡುವುದು ನಮ್ಮ ಚಟ ಅಲ್ಲ ಸ್ವಾಮಿ. ಟಚಪ್ ಮಾಡದೆ ಕೊಟ್ಟರೆ ಹತ್ತರಲ್ಲಿ ಎಂಟು ಜನ "ಇದೇನ್ರೀ ಹೀಗೆ ಬಂದಿದೆ" ಅಂತ ದುಡ್ಡು ಕೊಡೋಕೆ ತಕರಾರು ಮಾಡುತ್ತಾರೆ. ಮದುವೆಗೆ ಹುಡುಗನ ಕಡೆಯವರಿಗೆ ಕೊಡುವ ಫೋಟೋಗೂ ವೀಸಾ ಫೋಟೋಗೂ ನಮ್ಮ ಹುಡುಗರ ಕೈ ಒಂದೇ ರೀತಿ ಓಡುತ್ತದೆ. ಕೋಟು ಇಲ್ಲದವರಿಗೆ ಕಂಪ್ಯೂಟರಿನಲ್ಲೇ ಕೋಟು ಹಾಕಿ ಕೊಡುತ್ತಾರೆ. ಕತ್ತು ಒಬ್ಬರದು, ಕಾಲರ್ ಇನ್ನೊಬ್ಬರದು. ವೀಸಾಗೆ ಇದೆಲ್ಲ ಕೂಡದು. ಆಪ್, ಫಿಲ್ಟರ್, ಎಐ ಯಾವುದರಿಂದಲೂ ಮುಖ ಬದಲಿಸಬಾರದು ಅಂತ ಅವರೇ ಬರೆದಿದ್ದಾರೆ. ಅದಕ್ಕೆ ಕೂರುವ ಮೊದಲೇ ಹೇಳಿಬಿಡಿ, "ಟಚಪ್ ಬೇಡ, ಇದ್ದ ಹಾಗೆ ಇರಲಿ" ಅಂತ. ಹೇಳಿದರೆ ನಮಗೂ ಕೆಲಸ ಕಡಿಮೆ.

ಎಂಟು ಫೋಟೋ ಯಾಕೆ ಗೊತ್ತಾ? ನಾವು ಪ್ರಿಂಟ್ ಹಾಕುವುದು 4×6 ಇಂಚಿನ ಹಾಳೆಯಲ್ಲಿ. 35×45 ಆದರೆ ಅದರಲ್ಲಿ ಎಂಟು ಹಿಡಿಯುತ್ತದೆ. 2×2 ಆದರೆ ಆರೇ. ಹಾಗಾಗಿ ಯುಎಸ್ ಫೋಟೋ ತೆಗೆಸಿಕೊಂಡು "ಎರಡು ಕಮ್ಮಿ ಕೊಟ್ರಿ" ಅಂತ ಜಗಳ ಆಡಬೇಡಿ.

ಅಪ್ಪನವರ ವಿಷಯಕ್ಕೆ ಬರೋಣ. ಬಿಳಿ ಬಟ್ಟೆ ಬೇಡ ಅಂತ ನಿಯಮ ಇಲ್ಲ, ಆದರೆ ಹಿನ್ನೆಲೆಯೊಳಗೆ ಕರಗಿಹೋಗುತ್ತದೆ. ಕಡು ನೀಲಿ, ಕಂದು, ಗಾಢ ಹಸಿರು ಶರ್ಟ್ ಹಾಕಿಸಿ. ಬಿಳಿ ಕೂದಲಿಗೆ ಬೆಳಕು ಸ್ವಲ್ಪ ಕಮ್ಮಿ ಮಾಡಬೇಕು, ಇಲ್ಲದಿದ್ದರೆ ತಲೆಯ ಗೆರೆಯೇ ಸಿಗಲ್ಲ. ಗೋಡೆಗೆ ಒರಗಿಸಿ ಕೂರಿಸಬೇಡಿ. ಮೂರು ನಾಲ್ಕು ಅಡಿ ಮುಂದೆ ಸ್ಟೂಲ್ ಹಾಕಿ, ನೆರಳು ನೆಲಕ್ಕೆ ಬಿದ್ದುಹೋಗುತ್ತದೆ. ಗಲ್ಲದ ಕೆಳಗಿನ ಕಪ್ಪು ಹೋಗಬೇಕಾದರೆ ತೊಡೆ ಮೇಲೆ ಒಂದು ಬಿಳಿ ಥರ್ಮಾಕೋಲ್ ಶೀಟ್ ಇಟ್ಟುಕೊಳ್ಳಲಿ. ಅದು ಕೆಳಗಿಂದ ಬೆಳಕು ಎತ್ತಿಕೊಡುತ್ತದೆ. ನನ್ನ ಹತ್ತಿರ ಇರುವ ಶೀಟು ಹಳೇ ಟಿವಿ ಡಬ್ಬದ್ದು, ನಾಲ್ಕು ಮೂಲೆ ಮುರಿದು ಟೇಪ್ ಹಾಕಿದ್ದೇನೆ. ದುಬಾರಿ ರಿಫ್ಲೆಕ್ಟರ್ ಬೀರುವಿನಲ್ಲಿ ಮಲಗಿದೆ.

ಬೆಣ್ಣೆದೋಸೆ_ಡಿವಿಜಿ:
ಅಣ್ಣ, ದೊಡ್ಡ ಉಪಕಾರ. ಮನೆಯಲ್ಲೇ ಮೊಬೈಲಿನಲ್ಲಿ ತೆಗೆದರೆ ನಡೆಯುತ್ತಾ?

ಸ್ಟುಡಿಯೋ_ಶಿವಮೊಗ್ಗ:
ನಡೆಯುತ್ತದೆ. ನಮ್ಮ ಹೊಟ್ಟೆ ಮೇಲೆ ಹೊಡೆಯುವ ಪ್ರಶ್ನೆ, ಆದರೂ ಹೇಳುತ್ತೇನೆ.

ಸೆಲ್ಫಿ ಬೇಡ. ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರು ತೆಗೆಯಲಿ. ಕನಿಷ್ಠ ನಾಲ್ಕು ಅಡಿ ದೂರ ನಿಲ್ಲಿ, ಹತ್ತಿರ ಹೋದರೆ ಮೂಗು ಬದನೆಕಾಯಿ ಆಗುತ್ತದೆ, ಕಿವಿ ಹಿಂದಕ್ಕೆ ಓಡಿಹೋಗುತ್ತದೆ. ಮೊಬೈಲು ಅವರ ಕಣ್ಣಿನ ಮಟ್ಟಕ್ಕೆ ಇರಲಿ. ಪೋರ್ಟ್ರೇಟ್ ಮೋಡ್ ಹಾಕಬೇಡಿ, ಅದು ಕಿವಿ, ಕೂದಲನ್ನು ಮಸುಕು ಮಾಡುತ್ತದೆ. ಬ್ಯೂಟಿ ಮೋಡ್ ಎಷ್ಟೋ ಫೋನುಗಳಲ್ಲಿ ತಾನೇ ಆನ್ ಇರುತ್ತದೆ, ಹುಡುಕಿ ಆಫ್ ಮಾಡಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಕಿಟಕಿಗೆ ಎದುರಾಗಿ ಕೂರಿಸಿ, ನೀವು ಕಿಟಕಿಗೆ ಬೆನ್ನು ಹಾಕಿ. ಟ್ಯೂಬ್‌ಲೈಟ್ ಆರಿಸಿ, ಇಲ್ಲದಿದ್ದರೆ ಮುಖದ ಒಂದು ಪಕ್ಕ ಹಳದಿ, ಒಂದು ಪಕ್ಕ ನೀಲಿ.

ಮಲೆನಾಡ_ಮಳೆ:
ನಮ್ಮೂರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತು ಗಂಟೆಗೂ ಬೆಳಕು ಬರಲ್ಲ ಮಾರಾಯ್ರೆ.

ಐಫೋನ್_ಇಎಂಐ:
ಐಫೋನ್ ಇರುವವರಿಗೆ ಒಂದು ಮಾತು. ಅದು ಸುಮ್ನೆ ಬಿಟ್ಟರೆ ಎಚ್‌ಇಐಸಿ ಫೈಲು ಮಾಡುತ್ತದೆ, ಜೆಪೆಗ್ ಅಲ್ಲ. ನಾನು ಒಂದು ಸಂಜೆ ಪೂರ್ತಿ ಸೈಟನ್ನು ಬೈದೆ, ತಪ್ಪು ನನ್ನದೇ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಹಿಂಡಿ ಹಿಪ್ಪೆ ಮಾಡಿ ಕೊಡುತ್ತದೆ.

ಕೋಡಿಂಗ್_ಕೊಡಗ:
ಹೌದು. ಹಿಂಡಿದ ಫೋಟೋವನ್ನು ಮತ್ತೆ ಎಳೆದು 600 ಮಾಡಿದರೆ ಪಿಕ್ಸೆಲ್ ಲೆಕ್ಕ ಸರಿ ಬರುತ್ತದೆ, ಮುಖ ಮಾತ್ರ ಮೊಸರಾಗಿರುತ್ತದೆ. ಕತ್ತರಿಸೋಕೆ ಅಮೆರಿಕ ವಿದೇಶಾಂಗ ಇಲಾಖೆಯ ಸೈಟಿನಲ್ಲೇ ಪುಕ್ಕಟೆ ಟೂಲ್ ಇದೆ. ಯಾವುದೋ ಆಪ್‌ಗೆ ಅಪ್ಪ ಅಮ್ಮನ ಮುಖ ಕೊಟ್ಟು ದುಡ್ಡೂ ಕೊಡಬೇಡಿ.

ಧಾರವಾಡ_ಪೇಡೆ:
ನಮ್ಮ ಅಜ್ಜಾರು ಗಾಂಧಿ ಟೋಪಿ ಇಲ್ಲದೆ ಅಂಗಳಕ್ಕೂ ಬರುವವರಲ್ಲ. ಟೋಪಿ ಬಿಡಬೇಕಾ?

ಸನ್ನಿವೇಲ್_ಅಕ್ಕ:
ಬಿಡಬೇಕು. ಧರ್ಮದ ಕಾರಣಕ್ಕೆ ದಿನಾ ಧರಿಸುವುದಾದರೆ ಮಾತ್ರ ತಲೆ ಮೇಲೆ ಇರಬಹುದು. ಸಿಖ್ಖರ ಪೇಟ, ಹಿಜಾಬ್ ಇಂಥವು. ಆಗಲೂ ಮುಖ ಪೂರ್ತಿ ಕಾಣಬೇಕು, ಬಟ್ಟೆಯ ನೆರಳು ಬೀಳಬಾರದು. ಗಾಂಧಿ ಟೋಪಿ ಅಭ್ಯಾಸ, ಧರ್ಮ ಅಲ್ಲ ಅಂತಾರೆ.

ಧಾರವಾಡ_ಪೇಡೆ:
ಅಜ್ಜಾರಿಗೆ ನೀವೇ ಬಂದು ಹೇಳ್ರಿ.

ಭಟ್ಕಳ_ದುಬೈ:
ನಮ್ಮ ಅಮ್ಮನದು ಹಿಜಾಬಿನಲ್ಲೇ ಆಯಿತು. ಬಿಳಿ ಸ್ಕಾರ್ಫ್ ಹಾಕಿದ್ದರು, ಸ್ಟುಡಿಯೋದವರು ಬದಲಿಸೋಕೆ ಹೇಳಿದರು. ಕಡು ಬಣ್ಣದ್ದು ಹಾಕಿ, ಹಣೆ ಹತ್ತಿರ ಸ್ವಲ್ಪ ಹಿಂದಕ್ಕೆ ಸರಿಸಿದ್ದು, ಅಷ್ಟೇ. ಒಂದೇ ಸಲಕ್ಕೆ ಪಾಸ್.

ಸ್ಟುಡಿಯೋ_ಶಿವಮೊಗ್ಗ:
ಕುಂಕುಮ, ಮೂಗುತಿ, ಓಲೆ ಇರಲಿ. ಒಡವೆ ಮುಖ ಮುಚ್ಚದಿದ್ದರೆ ಸಾಕು. ಹರಳಿನ ಮೂಗುತಿ ಫ್ಲ್ಯಾಶಿಗೆ ಹೊಳೆದು ಬೆಳ್ಳಿ ಚುಕ್ಕೆ ಆಗುತ್ತದೆ, ಹಾಗಾದರೆ ಮುಖ ಒಂಚೂರು ಸರಿಸಿ ಇನ್ನೊಂದು ತೆಗೆಯಿರಿ, ತಿದ್ದಬೇಡಿ. ವಿಭೂತಿಗೆ ನಾನು ಹೇಳುವುದು, ತೆಳ್ಳಗೆ ಇಟ್ಟುಕೊಳ್ಳಲಿ. ಹಣೆ ತುಂಬ ಮೂರು ಪಟ್ಟೆ ಬಳಿದರೆ ಬೆಳಕು ಅಲ್ಲೇ ಕೂತುಬಿಡುತ್ತದೆ. ಇದು ನಿಯಮ ಅಲ್ಲ, ನನ್ನ ಅನುಭವ.

ಬೆಣ್ಣೆದೋಸೆ_ಡಿವಿಜಿ:
ಅಪ್ಪ ಕಿವಿ ಮೆಷಿನ್ ಹಾಕುತ್ತಾರೆ. ಅದು?

ಸನ್ನಿವೇಲ್_ಅಕ್ಕ:
ದಿನಾ ಹಾಕುವುದಾದರೆ ಫೋಟೋದಲ್ಲೂ ಇರಬಹುದು. ಹಾಡು ಕೇಳುವ ಬ್ಲೂಟೂತ್ ಮಾತ್ರ ಬೇಡ.

ಮ್ಯೂನಿಕ್_ಮಲ್ಲಿಗೆ:
ಯುರೋಪಿಗೆ ಬರುವವರು ಈ ಥ್ರೆಡ್ ನೋಡಿ 2×2 ತೆಗೆಸಿಕೊಂಡು ಬಂದುಬಿಟ್ಟೀರಿ ಮತ್ತೆ. ಷೆಂಗೆನ್‌ಗೆ 35×45 ಮಿಮೀ. ಮುಖದ ಎತ್ತರ 32ರಿಂದ 36 ಮಿಮೀ, ಅಂದರೆ ಫೋಟೋ ತುಂಬ ಮುಖವೇ ಇರಬೇಕು. ಅಮೆರಿಕದ ಫೋಟೋದಲ್ಲಿ ಭುಜ, ಖಾಲಿ ಜಾಗ ಜಾಸ್ತಿ ಇರುತ್ತದೆ. ಅದನ್ನೇ ಕತ್ತರಿಸಿ ಇದಕ್ಕೆ ಹೊಂದಿಸಲು ಹೋದರೆ ಮುಖ ಸಣ್ಣದಾಗುತ್ತದೆ. ಇಲ್ಲಿ ಜರ್ಮನಿಯಲ್ಲಿ ತಿಳಿ ಬೂದು ಹಿನ್ನೆಲೆ ಇಷ್ಟ ಪಡುತ್ತಾರೆ.

ಇಲ್ಲಿ ಇನ್ನೊಂದು ಬದಲಾವಣೆ ಆಗಿದೆ. 2025ರ ಮೇ 1ರಿಂದ ಪಾಸ್‌ಪೋರ್ಟ್, ಐಡಿ ಕಾರ್ಡ್, ರೆಸಿಡೆನ್ಸ್ ಪರ್ಮಿಟ್‌ಗೆ ಕಾಗದದ ಫೋಟೋ ಬೇಡ, ಡಿಜಿಟಲ್ ಮಾತ್ರ ಅಂತ ಮಾಡಿದರು. ಕಾರಣ ಮಾರ್ಫಿಂಗ್. ಇಬ್ಬರ ಮುಖ ಕಲಸಿ ಒಂದು ಫೋಟೋ ಮಾಡಿದರೆ ಒಂದೇ ಪಾಸ್‌ಪೋರ್ಟಿನಲ್ಲಿ ಇಬ್ಬರೂ ಓಡಾಡಬಹುದು, ಮೆಷಿನ್‌ಗೂ ಗೊತ್ತಾಗಲ್ಲ. ಅದಕ್ಕೆ ಫೋಟೋ ಸ್ಟುಡಿಯೋದಿಂದ ನೇರ ಸರ್ಕಾರಕ್ಕೆ ಹೋಗಬೇಕು, ಇಲ್ಲವೇ ಆಫೀಸಿನಲ್ಲೇ ತೆಗೆಯಬೇಕು. ನಮ್ಮ ಸ್ಟುಡಿಯೋ ಅಣ್ಣನ ಹುಡುಗರ ಕೋಟು ಇಲ್ಲಿ ನಡೆಯಲ್ಲ.

ಸ್ಟುಡಿಯೋ_ಶಿವಮೊಗ್ಗ:
ನಮ್ಮ ಹುಡುಗರು ಇಬ್ಬರ ಮುಖ ಕಲಸಿದರೆ ಮೂರನೆಯವರು ಬರುತ್ತಾರೆ, ಚಿಂತೆ ಬೇಡ.

ಜಯನಗರ_ನಾಲ್ಕನೇ_ಬ್ಲಾಕ್:
ನಗಬಾರದು ಅಂತ ಯಾಕೆ ಇಟ್ಟಿದ್ದಾರೆ? ನಗು ಇದ್ದರೆ ದೇಶದ್ರೋಹವಾ?

ಕೋಡಿಂಗ್_ಕೊಡಗ:
ಏರ್‌ಪೋರ್ಟಿನಲ್ಲಿ ಮೆಷಿನ್ ಮುಖ ಹೋಲಿಸುತ್ತದಲ್ಲ ಸಾರ್, ಅದಕ್ಕೆ. ನಕ್ಕರೆ ಕೆನ್ನೆ ಮೇಲೇರುತ್ತದೆ, ಕಣ್ಣು ಸಣ್ಣಗಾಗುತ್ತದೆ, ಬಾಯಿ ಅಗಲ ಆಗುತ್ತದೆ. ಕಣ್ಣು, ಮೂಗು, ಬಾಯಿಯ ಜಾಗಗಳೇ ಅದಕ್ಕೆ ಗುರುತು. ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ ಐಸಿಎಒ, ಮಾಂಟ್ರಿಯಲ್‌ನಲ್ಲಿದೆ. ಅವರ ಡಾಕ್ 9303 ಅನ್ನುವ ನಿಯಮಾವಳಿಯನ್ನೇ ಎಲ್ಲ ದೇಶಗಳೂ ಹೆಚ್ಚು ಕಮ್ಮಿ ಅನುಸರಿಸುವುದು. ಬೋಳು ಹಿನ್ನೆಲೆ, ನೇರ ನೋಟ, ಮುಚ್ಚಿದ ಬಾಯಿ ಎಲ್ಲ ಅಲ್ಲಿಂದ ಬಂದದ್ದು. ಅಳತೆ ಮಾತ್ರ ಒಂದೊಂದು ದೇಶದ್ದು ಒಂದೊಂದು.

ಟೊರಾಂಟೊ_ತುಳುವ:
ಕೆನಡಾದ್ದು ಕೇಳಿ. ವಿಸಿಟರ್ ವೀಸಾಗೆ 35×45, ಪಿಆರ್ (ಕಾಯಂ ವಾಸದ ಅನುಮತಿ) ಆದ ಮೇಲೆ ಅದರ ಕಾರ್ಡಿಗೆ 50×70. ಅದರ ಹಿಂಬದಿಯಲ್ಲಿ ಸ್ಟುಡಿಯೋ ಹೆಸರು, ವಿಳಾಸ, ತೆಗೆದ ತಾರೀಕು ಇರಬೇಕು. ಊರಿಗೆ ಹೋದಾಗ ಅಲ್ಲಿ ತೆಗೆಸಿದೆ. ಸ್ಟುಡಿಯೋದವರು ಸೀಲ್ ಒತ್ತಿದ ರಭಸಕ್ಕೆ ಇಂಕು ಹಿಂದಿನಿಂದ ಮುಂದಕ್ಕೆ ಬಂದು ನನ್ನ ಹಣೆ ಮೇಲೆ ನೇರಳೆ ಬಣ್ಣದ ಚಂದ್ರ ಮೂಡಿತ್ತು. ಮತ್ತೆ ತೆಗೆಸಿದೆ.

ಮೈಸೂರು_ಮಮ್ಮಿ:
ಮಗುವಿನ ಫೋಟೋ ಯಾರಾದರೂ ಹೇಳಿ. ನನ್ನ ಮಗಳಿಗೆ ಐದು ತಿಂಗಳು. ಕೂರಿಸಿದರೆ ವಾಲುತ್ತಾಳೆ, ಎತ್ತಿಕೊಂಡರೆ ನನ್ನ ಕೈ ಕಾಣುತ್ತದೆ.

ಸನ್ನಿವೇಲ್_ಅಕ್ಕ:
ಮಲಗಿಸಿ ಮೇಡಂ. ಹಾಸಿಗೆ ಮೇಲೆ ಸುಕ್ಕಿಲ್ಲದ ಬಿಳಿ ಬೆಡ್‌ಶೀಟ್, ಅದರ ಮೇಲೆ ಮಗು, ನೀವು ಸ್ಟೂಲ್ ಹತ್ತಿ ಮೇಲಿಂದ ತೆಗೆಯಿರಿ. ನಿಮ್ಮ ನೆರಳು ಬೀಳದ ಹಾಗೆ ನೋಡಿಕೊಳ್ಳಿ. ಕೈ, ಗಿಲಕಿ ಯಾವುದೂ ಕಾಣಬಾರದು. ಹಾಲು ಕುಡಿದು ಹತ್ತು ನಿಮಿಷ ಆದ ಮೇಲೆ ಒಳ್ಳೇ ಸಮಯ, ನನ್ನ ಇಬ್ಬರಿಗೂ ಹಾಗೇ ಮಾಡಿದ್ದು. ಹಸುಗೂಸಿನ ಕಣ್ಣು ಪೂರ್ತಿ ತೆರೆಯದಿದ್ದರೂ ಅಮೆರಿಕದವರು ಒಪ್ಪುತ್ತಾರೆ.

ಮೈಸೂರು_ಮಮ್ಮಿ:
ಥ್ಯಾಂಕ್ಸ್ ಅಕ್ಕ. ದೃಷ್ಟಿ ಬೊಟ್ಟು? ಕೆನ್ನೆ ಮೇಲೆ ದೊಡ್ಡದಾಗಿ ಇಟ್ಟಿದ್ದಾರೆ ನಮ್ಮತ್ತೆ, ಒರೆಸೋಕೆ ಬಿಡುತ್ತಿಲ್ಲ.

ಸನ್ನಿವೇಲ್_ಅಕ್ಕ:
ಒರೆಸಿಬಿಡಿ. ಮೆಷಿನ್ ಅದನ್ನು ಮಚ್ಚೆ ಅಂದುಕೊಂಡೀತು. ಅತ್ತೆಯವರಿಗೆ ಅಂಗಾಲಿನಲ್ಲಿ ಇಡಿ ಅಂತ ಹೇಳಿ, ಫೋಟೋದಲ್ಲಿ ಕಾಲು ಬರಲ್ಲ.

ಟೊರಾಂಟೊ_ತುಳುವ:
ಇದು ಈ ಥ್ರೆಡ್ಡಿನ ಬೆಸ್ಟ್ ಉತ್ತರ.

ಆಸ್ಟಿನ್_ಅವಲಕ್ಕಿ:
ಡಿವಿಜಿ ಅವರೇ, ತಂಗಿಗೆ ಈಗಲೇ ಹೇಳಿಡಿ. ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಮಾಡಿಸುವಾಗ ಬಿಳಿ ಹಿನ್ನೆಲೆ. ಆಮೇಲೆ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಮಾಡಿಸುವಾಗ ಅದೇ 2×2, ಆದರೆ ಹಿನ್ನೆಲೆ ಬಿಳಿ ಇರಬಾರದು, ಬೇರೆ ತಿಳಿ ಬಣ್ಣ ಅಂತ ಬರೆದಿದ್ದಾರೆ. ನಾವು ಅದೇ ಬಿಳಿ ಫೋಟೋ ಕಳಿಸಿ ವಾಪಸ್ ಪಡೆದೆವು. ಆಮೇಲೆ ಹೆಂಡತಿಯ ತಿಳಿ ನೀಲಿ ದುಪಟ್ಟಾ ಹಾಸಿ ತೆಗೆದದ್ದು. ಒಂದೇ ದಿನ ಎರಡು ಬಣ್ಣದ ಮೇಲೆ ಮಲಗಿಸಿ ತೆಗೆದಿಟ್ಟುಕೊಂಡರೆ ಅರ್ಧ ತಲೆನೋವು ಕಮ್ಮಿ.

ಹಳೇ_ಹುಬ್ಬಳ್ಳಿ:
ಬಾಣಂತನಕ್ಕೆ ಹೊರಟವರು ಫೋಟೋ ಚಿಂತೆ ಬಿಟ್ಟು ಅಳವಿ, ಅಂಟಿನ ಉಂಡೆ, ಕೊಬ್ಬರಿ ಒಯ್ಯುವ ಚಿಂತೆ ಮಾಡ್ರಿ. ಮೂರು ಕೆಜಿ ಅಂಟಿನ ಉಂಡೆ ನಮ್ಮತ್ತೆ ಸೂಟ್‌ಕೇಸಿನಲ್ಲಿ ಹಾಕಿದ್ದರು.

ಆಸ್ಟಿನ್_ಅವಲಕ್ಕಿ:
ಏನೇ ತಿನ್ನುವುದಿದ್ದರೂ ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಹೇಳಿಬಿಡಿ. ಬಚ್ಚಿಟ್ಟರೆ ದಂಡ. ನಮ್ಮಮ್ಮ ಬಾಣಂತಿ ಲೇಹ್ಯವನ್ನು "ಮೆಡಿಸಿನ್, ಸ್ವೀಟ್, ಮೆಡಿಸಿನ್" ಅಂತ ಮೂರು ಸಲ ಹೇಳಿ ದಾಟಿಸಿದಳು.

ಪೀಣ್ಯ_ಪುಟ್ಟ:
ಲೇಹ್ಯದ ಫೋಟೋ 2×2 ಬೇಕಾ?

ಬೆಣ್ಣೆದೋಸೆ_ಡಿವಿಜಿ:
ಅಪ್‌ಡೇಟ್. ಭಾನುವಾರ ಬೆಳಿಗ್ಗೆ ಮನೆಯಲ್ಲೇ ತೆಗೆದೆವು. ಪಡಸಾಲೆಯ ಗೋಡೆಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ, ನಾಲ್ಕಡಿ ಮುಂದೆ ಸ್ಟೂಲ್. ಫ್ರಿಜ್ ಡಬ್ಬದ ಥರ್ಮಾಕೋಲ್ ಅಪ್ಪನ ತೊಡೆ ಮೇಲೆ. "ಊಟದ ಎಲೆ ಬರುತ್ತಾ ಇದರ ಮೇಲೆ?" ಅಂದರು. ಕಂದು ಬಣ್ಣದ ಶರ್ಟ್, ಕಿವಿ ಮೆಷಿನ್ ಹಾಗೇ ಇದೆ, ವಿಭೂತಿ ತೆಳ್ಳಗೆ. ಹದಿನಾಲ್ಕು ಫೋಟೋದಲ್ಲಿ ಒಂಬತ್ತರಲ್ಲಿ ಕಣ್ಣು ಮುಚ್ಚಿದ್ದಾರೆ, ಎರಡರಲ್ಲಿ ನನ್ನನ್ನು ಬೈಯುತ್ತಿದ್ದಾರೆ. ಉಳಿದದ್ದರಲ್ಲಿ ಒಂದು ಆರಿಸಿ ಆ ಸರ್ಕಾರಿ ಟೂಲಿನಲ್ಲಿ ಕತ್ತರಿಸಿದೆ. 187 ಕೆಬಿ. ಮೊದಲ ಸಲಕ್ಕೇ ಪಾಸ್!

ಅಮ್ಮನದೂ ಹೊಸದಾಗಿ ತೆಗೆದೆ. ನರುಳ್ಳೆ ಇದ್ದ ಜಾಗದಲ್ಲೇ ಇದೆ, ಅದೂ ಪಾಸ್. ಸ್ಟುಡಿಯೋದ ಬೆಳ್ಳಗಿನ ಫೋಟೋ ಬಿಸಾಡೋಕೆ ಹೊರಟರೆ ಅಮ್ಮ ಕೈಯಿಂದ ಕಿತ್ತುಕೊಂಡಳು. "ಇದ್ಯಾರೋ" ಅಂದವಳೇ ಈಗ ಅದನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸು ಅನ್ನುತ್ತಿದ್ದಾಳೆ.

ಸ್ಟುಡಿಯೋ_ಶಿವಮೊಗ್ಗ:
ನೋಡಿದ್ರಾ? ನಾನು ಹೇಳಲಿಲ್ವಾ?

ಚಿತ್ರದುರ್ಗ_ಕೋಟೆ:
ನಮ್ಮ ಭಾವನಿಗೆ ಚೀನಾ ವೀಸಾ ಬೇಕಂತೆ, ಫೋಟೋ ಇದೇ ಸೈಜಾ?

ಮ್ಯೂನಿಕ್_ಮಲ್ಲಿಗೆ:
ಅಲ್ಲ, 33×48 ಮಿಮೀ. ಹೊಸ ಥ್ರೆಡ್ ಶುರು ಮಾಡಿ, ಇಲ್ಲಿ ಅಂಟಿನ ಉಂಡೆ ಓಡುತ್ತಿದೆ.